ಮುನಿಸಿಕೊಂಡವರ ಹೆಸರು ಮೊದಲು

ನಮ್ಮ ದೊಡ್ಡಪ್ಪನ ಅಪ್ಪಣೆಯಿಲ್ಲದೆ ರಾಜಾಜಿನಗರದಲ್ಲಿ ಯಾರೂ ಮದುವೆಯಾಗುತ್ತಿರಲಿಲ್ಲ! ಹುಡುಗಿಯನ್ನು ಯಾರು ಬೇಕಾದರೂ ನೋಡಿ ಒಪ್ಪಬಹುದಿತ್ತು, ಜಾತಕವನ್ನು ಯಾವ ಜೋಯಿಸರಾದರೂ ಕೂಡಿಸಬಹುದಿತ್ತು. ಲಗ್ನಪತ್ರಿಕೆಯನ್ನು ಮಾತ್ರ ದೊಡ್ಡಪ್ಪನೇ ನೋಡಬೇಕು. ಯಾರ ಹೆಸರು ಮೇಲೆ, ಯಾರದು ಕೆಳಗೆ, ತೀರಿಕೊಂಡ ಅಜ್ಜಿಯನ್ನು ಎಲ್ಲಿ ಕೂರಿಸಬೇಕು, ಮಾತುಬಿಟ್ಟ ಷಡ್ಡಕನನ್ನು ಎಲ್ಲಿ ನಿಲ್ಲಿಸಬೇಕು, ಇವೆಲ್ಲ ಅವರ ಇಲಾಖೆ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಲೆಕ್ಕ ತಪ್ಪಿದರೆ ಅಳಿಸಿ ಬರೆಯಬಹುದು, ಪತ್ರಿಕೆಯಲ್ಲಿ ಬಿಟ್ಟುಹೋದ ಹೆಸರಿಗೆ ರಬ್ಬರು ಇಲ್ಲ ಎನ್ನುತ್ತಿದ್ದರು. ಹೀಗೆ ಎನ್ನುತ್ತಿದ್ದರು ಎಂದು ನಾನು ಹೇಳುತ್ತಿದ್ದೇನೆ. ಮಾತು ಇಷ್ಟು ನುಣುಪಾಗಿದೆ ಎಂದರೆ ಅರ್ಧ ನನ್ನದೇ ಇರಬೇಕು.

ಒಂದು ಮದುವೆಯಲ್ಲಿ ಹುಡುಗಿಗೆ ಇಬ್ಬರು ಸೋದರಮಾವಂದಿರು. ಒಬ್ಬರು ವಯಸ್ಸಿನಲ್ಲಿ ಹಿರಿಯರು, ಇನ್ನೊಬ್ಬರು ತಹಸೀಲ್ದಾರರು. ಮೊದಲು ಯಾರ ಹೆಸರು? ದೊಡ್ಡಪ್ಪ ಎರಡು ಬಗೆಯ ಪತ್ರಿಕೆ ಅಚ್ಚು ಹಾಕಿಸಿದರು! ಒಂದರಲ್ಲಿ ಹಿರಿಯರು ಮೊದಲು, ಇನ್ನೊಂದರಲ್ಲಿ ತಹಸೀಲ್ದಾರರು. ಅವರವರ ಮನೆಗೆ ಅವರವರದು. ಮದುವೆಯ ಊಟದ ಪಂಕ್ತಿಯವರೆಗೂ ಎಲ್ಲ ಸುಗಮ. ಅಲ್ಲಿ ಇಬ್ಬರೂ ಪಕ್ಕಪಕ್ಕದ ಎಲೆಯಲ್ಲಿ ಕೂತರು. ಇಬ್ಬರಿಗೂ ತಮ್ಮ ಹೆಸರು ಮೊದಲು ಬಂದದ್ದನ್ನು ಇನ್ನೊಬ್ಬನಿಗೆ ತೋರಿಸುವ ಚಪಲ. ಇಬ್ಬರೂ ಜೇಬಿಗೆ ಕೈ ಹಾಕಿದರು.

"ಆಮೇಲೆ ಏನಾಯ್ತು ದೊಡ್ಡಪ್ಪ?"

"ಏನಾಗುತ್ತೆ? ಇಬ್ಬರೂ ಒಂದಾದ್ರು. ನನ್ನ ಬೈಯೋದಕ್ಕೆ!"

ಇಂಥವರ ಕೈಗೆ ನಮ್ಮ ಹಾರ್ಡ್ ರಾಕ್ ಹಾಡುಗಳ ಗ್ರಾಮಫೋನ್ ಪ್ಲೇಟು ಸಿಕ್ಕಿಬಿಟ್ಟಿತು.

ಎಪ್ಪತ್ತರ ದಶಕದ ನಡುವೆ ಎಲ್ಲೋ, ನಾವು ಮೂವರು ಸೇರಿ 'ಫೋರ್ತ್ ಬ್ಲಾಕ್' ಎಂಬ ಬ್ಯಾಂಡು ಕಟ್ಟಿದ್ದೆವು. ಪ್ರಕಾಶ ಗಿಟಾರು ಬಾರಿಸುತ್ತ ಕಿರುಚುತ್ತಿದ್ದ. ಬಸವರಾಜ, ಅಂದರೆ ನಮ್ಮ ಬಸು, ಡ್ರಮ್ಮು. ನನ್ನದು ಬೇಸ್ ಗಿಟಾರು. ಅದು ಕೇಳಿಸುತ್ತಿದೆ ಎಂದು ಯಾರೂ ಹೇಳಿದ ನೆನಪಿಲ್ಲ. ದೊಡ್ಡಪ್ಪನ ಮನೆಯ ಕಾರಿಲ್ಲದ ಕಾರ್ ಶೆಡ್ಡಿನಲ್ಲಿ ಅಭ್ಯಾಸ. ಬೀದಿಯ ನಾಯಿಗಳು ಮೊದಲು ಊಳಿಟ್ಟವು, ಆಮೇಲೆ ಮನೆ ಬದಲಾಯಿಸಿದವು. ದೊಡ್ಡಪ್ಪ ಮಾತ್ರ ಜಗುಲಿಯಲ್ಲಿ ಕೂತು ಪತ್ರಿಕೆಗಳ ಪ್ರೂಫು ತಿದ್ದುತ್ತಿದ್ದರು. "ಆ ಮೂರನೇ ಹಾಡು ಬರೀ ಜಗಳ ಕಣೋ. ಚೆನ್ನಾಗಿದೆ" ಎಂದು ಒಮ್ಮೆ ವಿಮರ್ಶೆಯನ್ನೂ ಮಾಡಿದರು.

ಆ ಮೂರನೇ ಹಾಡೇ ನಿಜವಾದ ಜಗಳಕ್ಕೆ ಕಾರಣವಾಯಿತು. ಮದರಾಸಿಗೆ ಹೋಗಿ ಹಾಡುಗಳನ್ನು ರೆಕಾರ್ಡು ಮಾಡಿ ಬಂದೆವು. ಮೇಲಿನ ರಟ್ಟಿನ ಕವರು ಅಚ್ಚಾಗುವುದಷ್ಟೇ ಬಾಕಿ. ಪ್ರಕಾಶ ಅದರ ಹಿಂಬದಿಗೆ ಒಂದೇ ಸಾಲು ಬರೆದುಕೊಂಡು ಬಂದ: ಎಲ್ಲ ಹಾಡುಗಳ ರಚನೆ, ಪ್ರಕಾಶ. ಬಸು ಓದಿದ. ಮೂರನೇ ಹಾಡಿನ ಟ್ಯೂನು ಅವನದು. ಅವರಮ್ಮ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಗುನುಗಿ ಕಟ್ಟಿದ್ದು ಎಂದು ಅವನ ವಾದ. ಇಲ್ಲ, ತಾನು ಬಸ್ಸಿನಲ್ಲಿ ಕಟ್ಟಿದ್ದು ಎಂದು ಪ್ರಕಾಶನ ವಾದ.

"ನನ್ನ ಹೆಸರಿಲ್ಲ ಅಂದ್ರೆ ನಾನೂ ಇಲ್ಲ ಗುರು" ಎಂದು ಬಸು ಕೋಲುಗಳನ್ನು ಶೆಡ್ಡಿನಲ್ಲೇ ಬಿಟ್ಟು ಹೋದ. ಪ್ಲೇಟು ಬಿಡುಗಡೆಗೆ ವಿಜಯನಗರದ ಒಂದು ಸ್ಕೂಲಿನ ಸಭಾಂಗಣ ಗೊತ್ತುಮಾಡಿ ಆಗಿತ್ತು. ಡ್ರಮ್ಮಿಲ್ಲದ ಹಾರ್ಡ್ ರಾಕ್ ಎಂದರೆ ಏನು? ಇಬ್ಬರು ಸಿಟ್ಟಾಗಿದ್ದಾರೆ ಎಂದಷ್ಟೇ ಗೊತ್ತಾಗುತ್ತದೆ.

ಟ್ಯೂನು ನಿಜವಾಗಿ ಯಾರದು? ನನ್ನ ನೆನಪಿನ ಪ್ರಕಾರ ಅದು ನನ್ನದು. ಆದ್ದರಿಂದಲೇ ನನ್ನ ನೆನಪನ್ನು ನಾನು ನಂಬುವುದಿಲ್ಲ.

ಕವರು ಅಚ್ಚಾಗಬೇಕಿದ್ದದ್ದು ಲಗ್ನಪತ್ರಿಕೆಗಳ ಅದೇ ಪ್ರೆಸ್ಸಿನಲ್ಲಿ. ಯಜಮಾನರು ಪ್ರಕಾಶನ ಚೀಟಿ ನೋಡಿ ವಾಪಸು ಕೊಟ್ಟರು. "ಹೆಸರುಗಳಿದಾವೆ. ಮೇಷ್ಟ್ರು ನೋಡ್ದೇ ಅಚ್ಚಿನ ಮೊಳೆ ಜೋಡ್ಸಲ್ಲ ಸಾರ್." ಹೀಗೆ ಚೀಟಿ ದೊಡ್ಡಪ್ಪನ ಜಗುಲಿಗೆ ಬಂತು.

ಅವರು ಕನ್ನಡಕ ಏರಿಸಿ ಪ್ರಕಾಶನನ್ನು ವಿಚಾರಿಸಿಕೊಂಡರು.

"ಈ ಮೂರನೇ ಹಾಡಿಗೆ ಹೆಣ್ಣಿನ ಕಡೆಯವರು ಯಾರು?"

"ಹಾಡಿಗೆ ಹೆಣ್ಣಿನ ಕಡೆಯವರು ಅಂದ್ರೆ?"

"ಮಾತು ಯಾರದು?"

"ನಂದು."

"ಗಂಡಿನ ಕಡೆ? ರಾಗ?"

ಪ್ರಕಾಶ ಶೆಡ್ಡಿನ ಕಡೆ ನೋಡಿದ. ನಾನು ನನ್ನ ಚಪ್ಪಲಿ ನೋಡಿಕೊಂಡೆ.

"ಸರಿ, ನಾಳೆ ಬನ್ನಿ."

ಮರುದಿನ ಹೋದರೆ ಕರಡು ಸಿದ್ಧ. ಎಲ್ಲಕ್ಕಿಂತ ಮೇಲೆ 'ಶ್ರೀ ಮಹಾಗಣಪತಿ ಪ್ರಸನ್ನ'! ಅದರ ಕೆಳಗೆ 'ಚಿ|| ಪ್ರಕಾಶ, ಬಿ.ಎಸ್ಸಿ., ಗಿಟಾರ್'. ನನ್ನ ಹೆಸರಿನ ಪಕ್ಕದಲ್ಲಿ ನನ್ನ ಅಪ್ಪನ ಹುದ್ದೆ. ಕವರಿನ ಮುಂಬದಿಯಲ್ಲಿ ಸಿಡಿಲು ಹೊಡೆದು ಒಡೆದ ಬಂಡೆಯ ಚಿತ್ರ, ಹಿಂಬದಿಯಲ್ಲಿ ಆಶೀರ್ವಾದ!

"ರಾಕ್ ಪ್ಲೇಟಿಗೆ ಗಣಪತಿ ಯಾಕೆ ದೊಡ್ಡಪ್ಪ?" ಪ್ರಕಾಶ ಅಳುವಂತೆ ಕೇಳಿದ. ಅವನಿಗೂ ಅವರು ದೊಡ್ಡಪ್ಪನೇ. ಇಡೀ ಬೀದಿಗೇ ದೊಡ್ಡಪ್ಪ.

"ನಿರ್ವಿಘ್ನವಾಗಿ ಸುತ್ತಲಿ ಅಂತ. ಮಧ್ಯ ಮುಳ್ಳು ಸಿಕ್ಕಾಕೊಂಡ್ರೆ ಯಾರು ಜವಾಬ್ದಾರಿ?"

ಗಣಪತಿಯನ್ನು ಇಳಿಸಲು ಒಂದು ಮಧ್ಯಾಹ್ನ ಹಿಡಿಯಿತು. 'ಚಿರಂಜೀವಿ'ಯನ್ನು ತೆಗೆಸಲು ಇನ್ನೊಂದು. ಆದರೆ ಒಂದು ಸಾಲನ್ನು ಅವರು ಬಿಟ್ಟುಕೊಡಲಿಲ್ಲ. ಮೂರನೇ ಹಾಡಿನ ಎದುರಿಗೆ 'ಬಸವರಾಜ, ಪ್ರಕಾಶ' ಎಂದಿತ್ತು. ಅದೇ ಕ್ರಮದಲ್ಲಿ.

ಪ್ರಕಾಶ ಕೆಂಪಗಾದ. "ಬಿಟ್ಟುಹೋದವನ ಹೆಸರು ಯಾಕೆ? ಅದೂ ನನಗಿಂತ ಮೊದಲು!"

"ಮುನಿಸಿಕೊಂಡವರ ಹೆಸರು ಮೊದಲು ಹಾಕ್ಬೇಕು ಕಣೋ. ಇರೋರಿಗೆ ಹೇಗೂ ಊಟ ಸಿಗುತ್ತೆ."

"ಅವನೇ ಮಾಡಿದ್ದು ಅಂತ ನಿಮಗೇನು ಗೊತ್ತು?"

"ನಂಗೇನೂ ಗೊತ್ತಿಲ್ಲ. ನಿಂಗೆ ಗೊತ್ತಾ?"

ಪ್ರಕಾಶ ಬಾಯಿ ತೆರೆದ. ಅವನಿಗೆ ಸುಳ್ಳು ಚೆನ್ನಾಗಿ ಬರುತ್ತಿತ್ತು, ಆ ದಿನ ಯಾಕೋ ಬರಲಿಲ್ಲ. "ಹಾಕ್ಕೊಳ್ಳಿ" ಎಂದು ಎದ್ದುಹೋದ.

ಕವರು ಅಚ್ಚಾಯಿತು. ಒಳಗೆ ಪ್ಲೇಟು ಹಾಕಿ ಒಂದನ್ನು ಅಂಚೆಯಲ್ಲಿ ಬಸುವಿಗೆ ಕಳಿಸಿಬಿಡೋಣ ಎಂದೆ. ದೊಡ್ಡಪ್ಪ ನಾನೇನೋ ಹೊಲಸು ಮಾತಾಡಿದೆ ಎಂಬಂತೆ ನೋಡಿದರು. ಮುನಿಸಿಕೊಂಡ ಮನೆಗೆ ಅಂಚೆಯೇ? ಮನೆಗೇ ಹೋಗಿ ಕೈಗೇ ಕೊಟ್ಟು, ಬಾಯಿಬಿಟ್ಟು ಕರೆಯಬೇಡವೇ? ಬಟ್ಟಲಲ್ಲಿ ಅರಿಶಿನ ಕಲಸಿ ರಟ್ಟಿನ ನಾಲ್ಕು ಮೂಲೆಗೂ ಹಚ್ಚಿದರು. ಸಿಡಿಲು ಹೊಡೆದ ಬಂಡೆ ಮಂಗಳಕರವಾಯಿತು!

ಬಸುವಿನ ಮನೆ ಬಸವೇಶ್ವರನಗರದಲ್ಲಿ. ಅಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಮುಂದೆ ದೊಡ್ಡಪ್ಪ, ಮಡಿಸಿದ ಪಂಚೆ, ಹೆಗಲ ಮೇಲೆ ಶಲ್ಯ. ಹಿಂದೆ ಭುಜದವರೆಗೆ ಕೂದಲು ಬಿಟ್ಟ ನಾವಿಬ್ಬರು. ಯಾವ ಕಡೆಯಿಂದ ನೋಡಿದರೂ, ಯಾರೂ ಹೆಣ್ಣು ಕೊಡಲಾರದಂಥ ಮನೆತನ. ದಾರಿಯುದ್ದಕ್ಕೂ ಅವರು ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದರು: "ತಾವು ಸಕುಟುಂಬ ಸಪರಿವಾರ ಸಮೇತ..."

ಬಸುವಿನ ಮನೆಯ ಗೇಟು ಕಾಣುತ್ತಲೇ ಅವರು ನಿಂತುಬಿಟ್ಟರು. ಪಕ್ಕದ ಸೈಟಿನಲ್ಲಿ ಅಡಿಪಾಯಕ್ಕೆಂದು ತಂದು ಸುರಿದ ಕಲ್ಲುಗಳಿದ್ದವು. ಒಂದರ ಮೇಲೆ ಕೂತರು.

"ಕಾಲು ನೋವಾ ದೊಡ್ಡಪ್ಪ?"

ಅಲ್ಲವೆಂದು ತಲೆಯಾಡಿಸಿದರು. ಪ್ಲೇಟನ್ನು ಎದೆಗೆ ಒತ್ತಿಕೊಂಡಿದ್ದರು.

"ಬಾಗಿಲು ತೆಗೀದಿದ್ರೆ?" ಎಂದರು, ಪ್ರಕಾಶನಿಗೂ ಅಲ್ಲ, ನನಗೂ ಅಲ್ಲ. "ಒಳಗೆ ಇದಾರೆ ಅಂತ ಗೊತ್ತಿರುತ್ತೆ ಕಣೋ. ರೇಡಿಯೋ ಕೇಳಿಸ್ತಿರುತ್ತೆ. ಆದ್ರೂ ತೆಗೆಯೋದಿಲ್ಲ."

ಯಾರ ಬಾಗಿಲು, ಯಾವ ಊರು, ಯಾವ ಮದುವೆ, ನಾನು ಕೇಳಲಿಲ್ಲ. ಅಪ್ಪನನ್ನೂ ಆಮೇಲೆ ಕೇಳಲಿಲ್ಲ. ಒಬ್ಬ ಮನುಷ್ಯನ ಇಡೀ ಹುಚ್ಚಿಗೆ ಒಂದೇ ಕಾರಣ ಸಿಕ್ಕಿಬಿಟ್ಟರೆ ನನಗೆ ಅನುಮಾನ ಬರುತ್ತದೆ. ಗೇಟು ಕಂಡು ನಿಂತುಬಿಟ್ಟದ್ದನ್ನು ಮಾತ್ರ ನೋಡಿದ್ದೇನೆ.

ಪ್ರಕಾಶ ಅವರ ತೋಳು ಹಿಡಿದು ಎಬ್ಬಿಸಿದ. ಗೇಟಿನ ಚಿಲಕ ತೆಗೆದವನೂ ಅವನೇ, ಬಾಗಿಲು ತಟ್ಟಿದವನೂ ಅವನೇ.

ಬಸು ಬಂದು ತೆಗೆದ. ನಮ್ಮಿಬ್ಬರನ್ನು ನೋಡಲಿಲ್ಲ. ದೊಡ್ಡಪ್ಪ ಎರಡೂ ಕೈಯಲ್ಲಿ ಪ್ಲೇಟು ಚಾಚಿದರು. ಸಕುಟುಂಬವೂ ಇಲ್ಲ, ಸಪರಿವಾರವೂ ಇಲ್ಲ. ಬಾಯಿಪಾಠವೆಲ್ಲ ಎಲ್ಲಿಗೆ ಹೋಯಿತೋ!

"ಬಾರಪ್ಪ" ಎಂದರು. "ನೀನಿಲ್ದೆ ಆಗೋದಿಲ್ಲ."

ಬಸು ಕವರನ್ನು ತಿರುಗಿಸಿ ಹಿಂಬದಿ ನೋಡಿದ. ಅಲ್ಲಿದ್ದದ್ದು ಹಿಡಿಯಷ್ಟು ಸಾಲುಗಳು. ಅವನು ಬಹಳ ಹೊತ್ತು ಓದಿದ. ಹೆಬ್ಬೆರಳಿಗೆ ಅರಿಶಿನ ಹತ್ತಿತು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ಒಳಗೆ ಕೂಗಿದ.

"ಅವ್ವಾ, ಚಾ ಇಡು. ಮೂರು ಮಂದಿ ಬಂದಾರ."

ಪ್ರಕಾಶ ಇನ್ನೂ ಹೊಸ್ತಿಲಾಚೆಯೇ ನಿಂತಿದ್ದ. ಬಸು ಅವನ ಮುಖ ನೋಡದೆ ಇನ್ನೊಮ್ಮೆ ಕೂಗಿದ.

"ಒಂದಕ್ಕ ಸಕ್ಕರಿ ಜಾಸ್ತಿ ಹಾಕವ್ವಾ. ಈ ಮಗಗ ಕಮ್ಮಿ ಆದ್ರ ಕುಡಿಯಂಗಿಲ್ಲ."