ಹಸಿರು ಬಾಗಿಲ ಮೇಲಿನ ನೀರಿನ ಕಲೆ

ಬಾಗಿಲಿಗೆ ಬಣ್ಣ ಹೊಡೆಯುವವನಿಗೆ ಮಳೆಗಿಂತ ಮನೆಯವರ ಕಾಟವೇ ಹೆಚ್ಚು. ಮಳೆ ತನ್ನ ಕಾಲಕ್ಕೆ ಬಂದು ಹೋಗುತ್ತದೆ, ಮನೆಯವರು ವರ್ಷವಿಡೀ ನೀರು ಹಿಡಿದೇ ಓಡಾಡುತ್ತಾರೆ. ಅರವತ್ತರ ದಶಕದ ಕೊನೆಯಲ್ಲಿ ಹುಣಸೂರಿನಿಂದ ಕೋಟೆ ತಾಲ್ಲೂಕಿನವರೆಗೆ ಬ್ರಷ್ಷು ಹಿಡಿದು ತಿರುಗಿದವನು ನಾನು. ಬಾಗಿಲ ಮೇಲಿನ ಬಿಳಿ ಕಲೆಗಳೇ ನನಗೆ ಅನ್ನ ಹಾಕಿದವು, ಮರ್ಯಾದೆಯನ್ನೂ ಅವೇ ತೆಗೆದವು.

ಬಂಗಲೆಯ ಮೇಟಿ

ಕೋಟೆ ಕಡೆಯ ಒಂದು ಬಂಗಲೆಯನ್ನು ನೋಡಿಕೊಳ್ಳುತ್ತಿದ್ದ ಮೇಟಿ, ಎಂದರೆ ಕೆಲಸದಾಳು, ದಿನವೂ ಬಾಗಿಲನ್ನು ಬಾವಿಯ ಉಪ್ಪುನೀರಿನಲ್ಲಿ ತೊಳೆಯುತ್ತಿದ್ದ. ನೀರು ಆರಿದಲ್ಲೆಲ್ಲ ಬಿಳಿ ಗೆರೆ ಮೂಡುತ್ತಿತ್ತು. ಗೆರೆ ಹೋಗಲೆಂದು ಮತ್ತೆ ತೊಳೆಯುತ್ತಿದ್ದ.

"ತೊಳೆಯೋದು ನಿಲ್ಸಪ್ಪ, ಕಲೆ ತಾನೇ ನಿಲ್ತದೆ" ಎಂದೆ.

ಆತ ಗಂಭೀರವಾಗಿ ಯೋಚಿಸಿದ. "ಬಾಗ್ಲು ತೊಳಿಯಕ್ಕೇ ಅಂತ ನನ್ನ ಮಡಗವ್ರೆ ಕಣಣ್ಣ. ಕಲೆ ಓದ್ರೆ ಅದರ ಇಂದೇನೇ ನಾನೂ ಓಯ್ತೀನಿ."

ಗೌರಿಹಬ್ಬದ ಷರತ್ತು

ಬಿಳಿಕೆರೆಯ ಒಂದು ಮನೆಯಿಂದ ಕರೆ ಬಂತು. ಹಿಂದಿನ ವರ್ಷ ನಾನೇ ಹಸಿರು ಬಣ್ಣ ಹೊಡೆದ ಬೀದಿಬಾಗಿಲು. ಅದರ ನಡುವಿನಿಂದ ಕೆಳಗೆ ಬಿಳಿ ಕಲೆಗಳು ಇಳಿದಿದ್ದವು.

ಮನೆಯ ಯಜಮಾನಿಗೆ ಸೊಸೆಯ ಮೇಲೆ ಸಿಟ್ಟು. ಬೆಳಿಗ್ಗೆ ಹೊಸ್ತಿಲಿಗೆ ನೀರು ಹಾಕುವವಳು ಅವಳೇ ತಾನೆ? ಹುಡುಗಿಯ ತವರು ಅಂತರಸಂತೆ. ಮದುವೆಯಾದ ಮೇಲೆ ಮೊದಲ ಗೌರಿಹಬ್ಬ, ಕರೆದೊಯ್ಯಲು ಅಣ್ಣ ಬರುವವನಿದ್ದ.

"ಬಾಗ್ಲು ಮೊದ್ಲಿನಂಗೆ ಆಗೋಗಂಟ ತವರೂ ಇಲ್ಲ, ಗೌರೀನೂ ಇಲ್ಲ" ಎಂದರು ಯಜಮಾನಿ.

ಒಳಗೆ ನಿಂತಿದ್ದ ಹುಡುಗಿಯ ಕಣ್ಣು ತುಂಬಿತು. ನನಗೂ ತಂಗಿಯರಿದ್ದಾರೆ. ನಿಂಬೆಹೋಳಿನಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಅಗಸೆ ಎಣ್ಣೆ ಸವರತೊಡಗಿದೆ. ದಾರಿಹೋಕರೆಲ್ಲ ನಿಂತು ಬುದ್ಧಿ ಹೇಳಿದರು. ಒಬ್ಬರು ಬೂದಿ ಹಾಕು ಎಂದರು, ಇನ್ನೊಬ್ಬರು ಸೀಗೆಕಾಯಿ ಎಂದರು. ಹೊಗೆಸೊಪ್ಪು ಬೆಳೆದು ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಹದ ಮಾಡುವ ಒಬ್ಬರಂತೂ, "ಬಾಗ್ಲು ಬಿಚ್ಕೊಡು ಕಣ್ಲಾ, ನಮ್ಮ ಬ್ಯಾರನ್ನಲ್ಲಿ ಸೊಪ್ಪಿನ ಜತೆ ಬೇಯಿಸ್ಕೊಡ್ತೀನಿ. ಚಿನ್ನದ ಬಣ್ಣ ಬತ್ತದೆ!" ಎಂದರು.

ಗೊತ್ತಿಲ್ಲದ ಗುಟ್ಟು

ಸಂಜೆಗೆ ಬಾಗಿಲು ಹೊಳೆಯಿತು. ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಅದೇ ಕಲೆ. ಅವತ್ತು ಹೊಸ್ತಿಲಿಗೆ ಯಾರೂ ನೀರು ಹಾಕಿರಲಿಲ್ಲ. ಆದರೂ ಯಜಮಾನಿ ಸೊಸೆಯನ್ನೇ ನೋಡಿದರು, ಆಮೇಲೆ ನನ್ನ ಬಣ್ಣದ ಡಬ್ಬವನ್ನು ನೋಡಿದರು.

ಕಲೆ ಶುರುವಾಗುತ್ತಿದ್ದುದು ಎದೆಯ ಎತ್ತರದಿಂದ. ಹೊಸ್ತಿಲ ನೀರು ಅಷ್ಟು ಮೇಲೆ ಹಾರುವುದುಂಟೆ? ಯಾರೂ ಇಲ್ಲದಾಗ ಸೊಸೆಯನ್ನು ಕೇಳಿದೆ, "ಯಾರ ಕೆಲಸವ್ವಾ ಇದು?"

ಅವಳು ಸೆರಗು ಎಳೆದುಕೊಂಡಳು. "ನಂಗೊತ್ತಿಲ್ಲ ಕಣಣ್ಣ. ಗೊತ್ತಿದ್ರೂ ನಾ ಯೋಳಂಗಿಲ್ಲ."

ತೀರ್ಪು

ಹಬ್ಬದ ಹಿಂದಿನ ದಿನ ಬೆಳಿಗ್ಗೆಯೇ ಅಣ್ಣ ಬಂದು ಜಗಲಿಯ ಮೇಲೆ ಕೂತ. ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಮತ್ತೊಮ್ಮೆ ಬಾಗಿಲು ಒರೆಸಿ ಮುಗಿಸಿದ್ದೆ. "ನಾಳೀಕೆ ಮತ್ತೆ ಬಂದ್ರೆ?" ಎಂದು ಯಜಮಾನಿ ಪಟ್ಟು ಬಿಡಲಿಲ್ಲ. ಕೊನೆಗೆ ನ್ಯಾಯ ಹೇಳಲು ಗಂಡನನ್ನೇ ಕೂಗಿದರು.

ಯಜಮಾನರು ಊರಿನ ಜಗಳಗಳನ್ನೆಲ್ಲ ತೀರ್ಮಾನ ಮಾಡುವವರು, ಮಿತಭಾಷಿ. ಹಿತ್ತಲಲ್ಲಿ ಸ್ನಾನ ಮುಗಿಸಿ, ಹೆಗಲ ಮೇಲೆ ಒದ್ದೆ ಟವೆಲು ಹಾಕಿಕೊಂಡು ಬಂದರು. ಎಲ್ಲರೂ ಎದ್ದು ನಿಂತೆವು.

"ತಪ್ಪು ಯಾರ್ದೇ ಆಗ್ಲಿ, ಕಣ್ಣಾರೆ ಕಾಣ್ದೆ ಒಬ್ಬರ ಮ್ಯಾಲೆ ಒರಿಸಬಾರ್ದು" ಎಂದರು. ಎಂದವರೇ ಟವೆಲನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಫಟಾರ್ ಫಟಾರ್ ಎಂದು ಬಡಿದು, ಕೊಡವಿ, ಹೆಗಲಿಗೆ ಹಾಕಿಕೊಂಡು ಕೂತರು.

ಹಸಿರು ಬಣ್ಣದ ಮೇಲೆ ನೀರು ಸಾಲಾಗಿ ಇಳಿಯತೊಡಗಿತು. ಮಾವನ ಎದುರು ನಿಂತು ಮಾತಾಡದ ಸೊಸೆ ಗೋಡೆಯ ಕಡೆ ತಿರುಗಿಕೊಂಡಳು. ನಮ್ಮೆಲ್ಲರ ಕಣ್ಣು ಎಲ್ಲಿದೆಯೆಂದು ಯಜಮಾನರೂ ತಿರುಗಿ ನೋಡಿದರು. ನೋಡಿ ತಲೆ ತಗ್ಗಿಸಿದರು.

ಯಜಮಾನಿ ಸೊಸೆಯ ತಲೆ ಸವರಿದರು. "ಒರಡವ್ವ, ಬಸ್ಸು ಬತ್ತದೆ. ಅಬ್ಬ ಮುಗಿಸ್ಕಂಡು ನಿಧಾನಕ್ಕೆ ಬಾ."

ಆಮೇಲೆ ನನ್ನ ಕೈಯಲ್ಲಿದ್ದ ನಿಂಬೆಹೋಳು, ಬಟ್ಟೆ ಎರಡನ್ನೂ ಕಿತ್ತುಕೊಂಡು ಗಂಡನ ಮಡಿಲಿಗೆ ಹಾಕಿದರು.

"ನಿಮಗೆ ಓಗಕ್ಕೆ ತವರಿಲ್ಲವಲ್ಲ. ಕೂತ್ಕಂಡು ಉಜ್ಜಿ."