ಫಕೀರಪ್ಪನ ನೆಟ್ಟಗಿನ ಗೋಡೆ

ಎಲ್ಲಾ ಶುರುವಾದದ್ದು ಒಂದು ಕರಣೆಯಿಂದ. ಹಿಂದಿನ ಶನಿವಾರ ಹುಣಸಮಾರನಹಳ್ಳಿಯ ಸೈಟಿನಲ್ಲಿ ಆಫೀಸಿನ ಹುಡುಗಿಯೊಬ್ಬಳು ಗಾರೆ ಹಾಕುವ ಕರಣೆಯನ್ನು ದೋಸೆ ಮಗುಚುವ ಸಟ್ಟುಗದಂತೆ ಹಿಡಿದು ನಿಂತದ್ದನ್ನು ಫಕೀರಪ್ಪ ನೋಡಿಬಿಟ್ಟ. ಅಂದಿನಿಂದ ಅವನಿಗೆ ನೆಟ್ಟಗೆ ನಿದ್ದೆಯಿಲ್ಲ.

ಅಲ್ಲಿ ಕ್ರೈಸ್ತ ಸಂಸ್ಥೆಯೊಂದು ಸ್ವಂತ ಸೂರಿಲ್ಲದವರಿಗೆ ಕಡಿಮೆ ಖರ್ಚಿನಲ್ಲಿ ಮನೆ ಕಟ್ಟಿಸಿಕೊಡುತ್ತಿತ್ತು. ಜಾತಿ ಧರ್ಮ ಕೇಳುತ್ತಿರಲಿಲ್ಲ. ಮನೆಯವರೂ ಮೈ ಬಗ್ಗಿಸಿ ದುಡಿಯಬೇಕು, ಅಷ್ಟೇ. ಜೊತೆಗೆ ಪ್ರತಿ ಶನಿವಾರ ಆಫೀಸುಗಳಿಂದ ವಾಲಂಟಿಯರುಗಳು ಬರುತ್ತಿದ್ದರು. ಯಲಹಂಕದ ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದ ಫಕೀರಪ್ಪ ಗದಗ ಬಿಟ್ಟು ಬಂದಾಗಿನಿಂದ ಬಾಡಿಗೆ ಮನೆಯಲ್ಲೇ ಇದ್ದವನು. ಅಲ್ಲಿ ಕ್ಯಾಲೆಂಡರಿಗೊಂದು ಮೊಳೆ ಹೊಡೆಯಲೂ ಓನರಮ್ಮನ ಅಪ್ಪಣೆ ಬೇಕು. ಈಗ ತನ್ನದೇ ಗೋಡೆ ಏಳುವ ಹೊತ್ತಿಗೆ ಅದು ಸೊಟ್ಟಗಾದರೆ, ಬದುಕಿರುವ ತನಕ ದಿನಾ ಅದನ್ನೇ ನೋಡಬೇಕಲ್ಲ!

"ನಮ್ಮ ಗ್ವಾಡಿಗೆ ಒಬ್ಬ ವಾಲಂಟಿಯರೂ ಕೈ ಹಚ್ಚಬಾರ್ದು," ಎಂದು ಅವನು ಹೆಂಡತಿ ರತ್ನವ್ವನ ಮುಂದೆ ಶಪಥ ಮಾಡಿದ.

"ಪುಕ್ಕಟೆ ದುಡಿಯಾಕ ಬಂದವ್ರಿಗೆ ಬ್ಯಾಡ ಅಂತೀರೇನು?"

"ಬ್ಯಾಡ ಅನ್ನೂದಿಲ್ಲ. ಪುರಸೊತ್ತು ಕೊಡೂದಿಲ್ಲ."

ಶನಿವಾರ ಬೆಳಗ್ಗೆ ಬಸ್ಸು ಬಂದು ನಿಂತಿತು. ಹಳದಿ ಹೆಲ್ಮೆಟ್ಟು, ಹೊಸ ಗ್ಲೌಸು ತೊಟ್ಟ ಒಂದು ದಂಡು ಇಳಿಯಿತು. ಅವರ ಮುಂದಾಳು ಮಂಜುಶ್ರೀ, "ಸರ್, ಇವತ್ತು ನಿಮ್ಮ ಗೋಡೇನ ಕಿಟಕಿ ತನಕ ಎಬ್ಬಿಸಿಬಿಡ್ತೀವಿ!" ಎಂದಳು.

ಸಂಸ್ಥೆಯ ಬ್ರದರ್ ಸಾಲೊಮನ್ ಪುಟ್ಟ ಪ್ರಾರ್ಥನೆ ಮಾಡಿ "ಆಮೆನ್" ಎಂದರು. "ಇನ್ನೊಂದು ಮಾಡ್ರಿ ಬ್ರದರ್, ದೊಡ್ಡದು," ಎಂದ ಫಕೀರಪ್ಪ. ಬ್ರದರಿಗೆ ಕಣ್ಣು ತುಂಬಿ ಬಂತು. ನೋಹನ ನಾವೆಯಿಂದ ಹಿಡಿದು ಬೈಬಲಿನಲ್ಲಿ ಯಾರ್ಯಾರು ಏನೇನು ಕಟ್ಟಿದ್ದರೋ ಅವರನ್ನೆಲ್ಲ ನೆನೆದು ಮುಗಿಸುವಷ್ಟರಲ್ಲಿ ಬಿಸಿಲೇರಿತ್ತು. ಆಮೇಲೆ ಅವರು ಚಿಕ್ಕಜಾಲದ ಇನ್ನೊಂದು ಕೆಲಸ ನೋಡಲು ಹೊರಟುಹೋದರು.

ಅವರು ಹೋದ ಮೇಲೆ ಚಹಾ, ರತ್ನವ್ವ ಕರಿದ ಮಿರ್ಚಿ ಭಜಿ. ಗದಗಿನ ಕೈಯ ಮಿರ್ಚಿ ಕಚ್ಚಿದ ವಾಲಂಟಿಯರುಗಳು ನೀರು ಹುಡುಕಿಕೊಂಡು ಸೈಟೆಲ್ಲ ಓಡಾಡಿದರು. ಅದಾದ ಮೇಲೆ ಫೋಟೋ. ಬುನಾದಿಯ ಮುಂದೊಂದು, ಇಟ್ಟಿಗೆ ಹಿಡಿದೊಂದು, ಹೆಲ್ಮೆಟ್ ಹಾರಿಸಿ ಇನ್ನೊಂದು. ಆದರೂ ಒಬ್ಬಳು ಬಿಡಲಿಲ್ಲ.

"ಅಂಕಲ್, ನಾನೊಂದೇ ಒಂದು ಇಟ್ಟಿಗೆ ಇಡ್ಲಾ?"

"ಇಡುವಂತಿ ತಂಗಿ, ಮೊದಲ ಈ ಉಸುಕು ಸಾಣಿಸಿಬಿಡು."

ಹಾಳಾದ ಮರಳೂ ಬೇಗ ಮುಗಿಯಿತು. ಫಕೀರಪ್ಪ ಕೊನೆಯ ಬಾಣ ಬಿಟ್ಟ. ಪಕ್ಕದ ಸೈಟಿನಲ್ಲಿ ಅಮೀನಾ ಬಾಂಡ್ಲಿ ಹೊರುತ್ತಿದ್ದಳು. ಅವಳದೂ ಇದೇ ಸಂಸ್ಥೆಯ ಮನೆ. "ಪಾಪ, ಅಮೀನಕ್ಕ ಒಬ್ಬಾಕಿನ ಮಾಡಾಕತ್ತಾಳ. ನಮ್ಮದು ಇರ್ಲಿ, ಮೊದಲ ಆಕೀದು ಎಬ್ಬಿಸಿಕೊಡ್ರಿ," ಎಂದ.

"ಎಷ್ಟು ದೊಡ್ಡ ಮನಸ್ಸು ಸರ್ ನಿಮ್ದು!" ಎಂದಳು ಮಂಜುಶ್ರೀ. ದಂಡು ಅತ್ತ ನಡೆಯಿತು. ಹಿಂದೆಯೇ ಸಂಸ್ಥೆಯ ಮೇಸ್ತ್ರಿ ಮುನಿವೆಂಕಟಯ್ಯನೂ ಸಾಮಾನಿನ ಚೀಲ ಹೆಗಲಿಗೇರಿಸಿದ.

"ನೀವೆಲ್ಲಿಗ್ರಿ ಮೇಸ್ತ್ರಿ?"

"ಅವ್ರೆಲ್ಲೋ ನಾನೂ ಅಲ್ಲೇ ಸಾ. ವಾಲಂಟಿಯರ್‌ಗೋಳ್ನ ಒಂಟಿಯಾಗಿ ಬಿಡ್ಬ್ಯಾಡ ಅಂತ ಬ್ರದರ್ ಏಳವ್ರೆ."

ಇದನ್ನು ಫಕೀರಪ್ಪ ಎಣಿಸಿರಲಿಲ್ಲ. ಆದರೆ ಹಿಡಿದ ಹಟ ಬಿಡುವ ಗಂಡಸಲ್ಲ ಅವನು. ವರ್ಷಗಟ್ಟಲೆ ಲ್ಯಾಬಿನಲ್ಲಿ ಗಾಜಿನ ಕೊಳವೆಗಳನ್ನು ಒಂದೂ ವಾಲದಂತೆ ನಿಲ್ಲಿಸಿದವನಿಗೆ ಇಟ್ಟಿಗೆ ಯಾವ ಲೆಕ್ಕ? ರತ್ನವ್ವ ಇಟ್ಟಿಗೆ ಕೊಟ್ಟಳು, ಅವನು ಇಟ್ಟ. ಪಕ್ಕದಿಂದ ಯಾರಾದರೂ "ಹೆಲ್ಪ್ ಬೇಕಾ ಅಂಕಲ್?" ಎಂದರೆ ಸಾಕು, ಗಾರೆ ಅಲ್ಲೇ ಬಿಟ್ಟು ಎರಡೂ ಕೈ ಚಾಚಿ ಗೋಡೆಗೆ ಅಡ್ಡ ನಿಲ್ಲುತ್ತಿದ್ದ. ಅವರು ತಿರುಗಿದ ಮೇಲೆ ಗಡಿಬಿಡಿಯಲ್ಲಿ ಮುಂದಿನ ಇಟ್ಟಿಗೆ.

"ಸ್ವಲ್ಪ ದೂರ ನಿಂತು ನೋಡ್ರಿ, ಯಾಕೋ ವಾಲಿದಂಗ ಕಾಣತೈತಿ," ಎಂದಳು ರತ್ನವ್ವ.

"ವಾಲಿದ್ದು ನಿನ್ನ ಕುತ್ತಿಗಿ. ಇಟ್ಟಿಗಿ ಕೊಡು."

ಸಂಜೆಯ ಹೊತ್ತಿಗೆ ಗೋಡೆ ಅವನ ಎದೆಮಟ್ಟಕ್ಕೆ ಬಂತು. ಸೊಂಟ ಬಿದ್ದುಹೋಗಿತ್ತು, ಅಂಗೈ ತುಂಬ ಬೊಬ್ಬೆ. ಫಕೀರಪ್ಪ ಆ ಅಂಗೈಯನ್ನೇ ಹಸಿ ಗೋಡೆಯ ಮೇಲಿಟ್ಟ. ಇದು ಅವನದು, ಒಂದು ಮೊಳೆಗೂ ಯಾರನ್ನೂ ಕೇಳಬೇಕಾಗಿಲ್ಲ.

ಮುನಿವೆಂಕಟಯ್ಯ ಬಂದು, ದಾರಕ್ಕೆ ಕಟ್ಟಿದ ಗುಂಡನ್ನು ಗೋಡೆಯ ತಲೆಯಿಂದ ಇಳಿಬಿಟ್ಟ. ಗುಂಡು ಗೋಡೆಯ ಬುಡ ಬಿಟ್ಟು ಗೇಣುದ್ದ ಆಚೆ ತೂಗಾಡಿತು.

"ಬುಡ ನಿಮ್ಮ ಸೈಟಲ್ಲೈತೆ ಸಾ. ತಲೆ ಅಮೀನಮ್ಮನ ಮನೆ ಕಡೆ ಒಂಟೈತೆ," ಎಂದ. "ಪೂರಾ ಬಿಚ್ಬೇಕು."

ಅಮೀನಾಳ ಗೋಡೆಗೆ ಅದೇ ದಾರ ಬಿಟ್ಟರೆ ಕೂದಲೆಳೆಯಷ್ಟೂ ಸಂದಿಲ್ಲ. ದಿನವಿಡೀ ಮೇಸ್ತ್ರಿ ಪಕ್ಕದಲ್ಲೇ ನಿಂತು ಒಂದೊಂದು ಇಟ್ಟಿಗೆಯನ್ನೂ ತಟ್ಟಿಸಿದ್ದ.

ಅಷ್ಟರಲ್ಲಿ ಚಿಕ್ಕಜಾಲದಿಂದ ಬ್ರದರ್ ಬಂದಿಳಿದರು. ಎರಡೂ ಗೋಡೆ ನೋಡಿ, ಫಕೀರಪ್ಪನ ಹೆಗಲ ಮೇಲೆ ಕೈಯಿಟ್ಟು, "ಬೇಜಾರ್ ಮಾಡ್ಕೋಬೇಡಿ. ಪಾಪ, ಆಫೀಸಿನ ಮಕ್ಳು, ಅನುಭವ ಇಲ್ಲ. ಅಮೀನಮ್ಮಂದು ನೀವು ಕಟ್ಟಿದ್ದಾ? ಎಷ್ಟು ಚೆನ್ನಾಗಿದೆ!" ಎಂದರು.

ಫಕೀರಪ್ಪ ಬೊಬ್ಬೆ ಬಂದ ಅಂಗೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ರತ್ನವ್ವ ಬಾಯಿ ತೆರೆದಳು. ಅವಳಿಗಿಂತ ಮೊದಲು ಮಂಜುಶ್ರೀ ಮುಂದೆ ಬಂದಳು.

"ಸಾರಿ ಬ್ರದರ್, ತಪ್ಪು ನಮ್ದೇ," ಎಂದು ಆ ಪುಣ್ಯಾತ್ಗಿತ್ತಿ ಅವನ ಮಾನ ಉಳಿಸಿದಳು. "ಮುಂದಿನ ಶನಿವಾರ ಇದನ್ನ ನಮ್ಮ ಆಫೀಸಿಂದ್ಲೇ ಬಂದು ಬಿಚ್ಚಿ, ಕಟ್ಕೊಡ್ತೀವಿ. ಫಕೀರಪ್ಪ ಸರ್ ಒಂದು ಇಟ್ಟಿಗೇನೂ ಮುಟ್ಟೋದು ಬೇಡ."

ಕೃತಜ್ಞತೆಯಿಂದ ಫಕೀರಪ್ಪನ ಕಣ್ಣು ಒದ್ದೆಯಾಯಿತು. ಅಮೀನಾಳ ಗೋಡೆಯನ್ನೊಮ್ಮೆ ನೋಡಿದ. ಪರವಾಗಿಲ್ಲ, ಈ ಮಕ್ಕಳು ಪಳಗಿದ್ದಾರೆ.

"ಬರ್ರೆವ್ವಾ," ಎಂದ ಮನಸಾರೆ. "ನೀವ ಬಂದು ಕಟ್ರಿ."

"ಅಯ್ಯೋ, ನಾವಲ್ಲ ಸರ್! ನಮ್ಮ ಟರ್ನ್ ಮುಗೀತು," ಎಂದಳು ಮಂಜುಶ್ರೀ ಬಸ್ಸು ಹತ್ತುತ್ತಾ. "ಮುಂದಿನ ವಾರ ಹೊಸ ಬ್ಯಾಚು. ಒಬ್ರೂ ಇನ್ನೂ ಇಟ್ಟಿಗೆ ಮುಟ್ಟಿದವ್ರಲ್ಲ ಸರ್, ಆದ್ರೆ ಉತ್ಸಾಹ ಅಂದ್ರೆ ನಮಗಿಂತ ಜಾಸ್ತಿ!"