ಹನ್ನೊಂದು ವಾರ ಬಾಕಿ ಬಿದ್ದ ಕೊಲೆಗಾರ

ಘೋಷಣಕ್ಕ ವಾರಪತ್ರಿಕೆಗೆ ಒಬ್ಬ ಕೊಲೆಗಾರನನ್ನು ಬಾಕಿ ಉಳಿಸಿಕೊಂಡಿದ್ದಳು. ಹೆಣವನ್ನು ಮೊದಲನೇ ವಾರವೇ ಒಪ್ಪಿಸಿಯಾಗಿತ್ತು. ಒಂದು ಮಂಗಳವಾರ ಸಂಜೆ ನಾಲ್ಕಕ್ಕೆ ಸತ್ತ ಆ ಹೆಣ, ಹನ್ನೊಂದು ವಾರದಿಂದ ಮಹಡಿಯ ಕೋಣೆಯಲ್ಲಿ ಟೀ ಕಪ್ಪಿನ ಪಕ್ಕ ಬೋರಲು ಬಿದ್ದು ನ್ಯಾಯಕ್ಕೆ ಕಾಯುತ್ತಿತ್ತು. ಇವತ್ತು ಕಡೇ ಕಂತು.

ಘೋಷಣಕ್ಕ ಅಂದರೆ ಸಾಮಾನ್ಯಳೇ? ಬಟ್ಟೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಲರ್ ಹೊಲಿದವಳು. ಅದರಲ್ಲಿ ಇಪ್ಪತ್ತೆಂಟು ವರ್ಷ ಗೇಟಿನ ಮುಂದೆ ಧಿಕ್ಕಾರ ಕೂಗಿದವಳು. ಅವಳ ಘೋಷಣೆಗೆ ಹೆದರಿ ಮ್ಯಾನೇಜರೊಬ್ಬ ಹಿಂಬಾಗಿಲಿನಿಂದ ಓಡಿ, ತಂತಿಬೇಲಿಗೆ ಪ್ಯಾಂಟು ಕಳೆದುಕೊಂಡ ಇತಿಹಾಸವಿದೆ! ನಿವೃತ್ತಿಯಾದ ಮರುದಿನವೇ ಸಂಘದ ಕಚೇರಿಯಲ್ಲಿ ಮೇಜು ಕುಟ್ಟಿ ಸಾರಿದಳು:

"ನಮ್ಮ ಹೆಂಗಸರು ಊಟದ ಬಿಡುವಲ್ಲಿ ಕೊಲೆ ಕಾದಂಬರಿ ಓದ್ತಾರೆ. ಅರ್ಧಕ್ಕೇ ಕೊಲೆಗಾರ ಸಿಕ್ಕಿಹಾಕ್ಕೊಳ್ತಾನೆ, ಥೂ! ನಾನು ಬರೀತೀನಿ ನೋಡಿ. ಯಾರಪ್ಪನ ಕೈಲೂ ಕಂಡುಹಿಡಿಯೋಕಾಗಬಾರದು!"

ಹಾಗೇ ಆಯಿತು. ಈಗ ಅವಳ ಕೈಲೂ ಆಗುತ್ತಿರಲಿಲ್ಲ.

ಸತ್ತವನು ಕಾರ್ಖಾನೆ ಮಾಲೀಕ. ಆ ಬಗ್ಗೆ ಯಾರದೂ ತಕರಾರಿಲ್ಲ. ಟೀಯಲ್ಲಿ ವಿಷ. ಟೀ ಮಾಡಿದ್ದು ಅಡುಗೆಯವಳು, ಆದ್ದರಿಂದ ಅವಳೇ ಕೊಲೆಗಾರ್ತಿ ಅಂತ ಘೋಷಣಕ್ಕ ಮೊದಲೇ ಗಂಟು ಹಾಕಿಟ್ಟಿದ್ದಳು. ಕೆಟ್ಟದ್ದು ಎಲ್ಲಿ ಅಂದರೆ, ಪ್ರತಿ ಕಂತನ್ನೂ ಕಳಿಸುವ ಮುಂಚೆ ಅಡುಗೆಮನೆಯಲ್ಲಿ ಎಲ್ಲರಿಗೂ ಗಟ್ಟಿಯಾಗಿ ಓದುವ ಚಟ ಅವಳಿಗೆ. ಮೂರನೇ ವಾರ ಪಕ್ಕದ ಮನೆಯವಳು ಎದ್ದು ನಿಂತಳು. ಅವಳು ಹಾಸ್ಟೆಲ್ಲಿನ ಅಡುಗೆಯವಳು.

"ಏನಕ್ಕಾ ಇದು? ಅಡುಗೆಯವಳ ಕೈ ನಡುಗಿತು ಅಂತ ಬರ್ದಿದ್ದೀಯಾ? ದಿನಾ ಇನ್ನೂರು ಜನಕ್ಕೆ ಬೇಯಿಸಿ ಹಾಕ್ತೀನಿ, ಒಬ್ಬರಿಗಾದ್ರೂ ಹೊಟ್ಟೆನೋವು ಬಂದಿದ್ಯಾ? ನೋಟಿಸ್ ಕೊಡದೆ, ವಿಚಾರಣೆ ಮಾಡದೆ ಒಬ್ಬಳ ಮೇಲೂ ತಪ್ಪು ಹೊರಿಸಬಾರದು ಅಂತ ಗೇಟಲ್ಲಿ ಕೂಗಿದ್ದು ಯಾರು? ನೀನೇ ತಾನೇ!"

ಘೋಷಣಕ್ಕ ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದಳು. ನಾಲ್ಕನೇ ಕಂತಿನಲ್ಲಿ ಅಡುಗೆಯವಳು ಪಾರು! ಅಪರಾಧ ಡ್ರೈವರ್ ತಲೆಗೆ ಬಂತು. ಘೋಷಣಕ್ಕನ ಗಂಡ ನಿವೃತ್ತ ಲಾರಿ ಡ್ರೈವರ್. ಕೇಳಿದವನೇ ತಟ್ಟೆ ಪಕ್ಕಕ್ಕೆ ತಳ್ಳಿದ.

"ಅಪಘಾತ ಆದ್ರೂ ಡ್ರೈವರ್, ಕಳ್ಳತನ ಆದ್ರೂ ಡ್ರೈವರ್, ಈಗ ವಿಷಕ್ಕೂ ಡ್ರೈವರ್ರಾ? ಮೂವತ್ತೈದು ವರ್ಷದಲ್ಲಿ ಒಂದು ಕೋಳೀನೂ ಸಾಯಿಸಿಲ್ಲ ನಾನು!"

"ಒಂದು ಸಾಯಿಸಿದ್ರಿ," ಎಂದಳು ಘೋಷಣಕ್ಕ.

"ಅದಾಗೇ ಬಂದು ಬಿತ್ತು! ಹೋಗ್ಲಿ, ಇವತ್ತಿಂದ ನನಗೆ ಊಟ ಬೇಡ!"

ಹೊರಗೆ ಹೊರಟವನು, ಬಾಗಿಲ ಮೂಲೆಯಲ್ಲಿ ಬೀನ್ಸ್ ನಾರು ತೆಗೆಯುತ್ತ ಕುಳಿತಿದ್ದ ತನ್ನ ತಾಯಿಗೆ, "ಕಾಲು ತೆಗಿಯಮ್ಮ," ಎಂದು ದಾಟಿಕೊಂಡು ಹೋದ. ಸ್ವಂತ ಮನೆಯಲ್ಲೇ ಉಪವಾಸ ಮುಷ್ಕರ! ಎರಡು ಹೊತ್ತು ತಡೆದುಕೊಂಡ ಘೋಷಣಕ್ಕ ಮೂರನೇ ಹೊತ್ತಿಗೆ ಡ್ರೈವರನ್ನು ಬಿಡುಗಡೆ ಮಾಡಿದಳು. ಕತೆಯಲ್ಲಿ ಉಳಿದವಳು ಮಾಲೀಕನ ಮನೆಯ ನರ್ಸ್. ಸೊಸೆ ಆಸ್ಪತ್ರೆಯಲ್ಲಿ ನರ್ಸ್.

"ಅತ್ತೆ, ಒಂದು ಮಾತ್ರೆ ಕೊಟ್ರೆ ನಾವು ಮೂರು ಕಡೆ ಸಹಿ ಹಾಕ್ಬೇಕು. ನಿಮ್ಮ ನರ್ಸ್ ಎಲ್ಲಿ ಸಹಿ ಹಾಕಿದ್ಲು?"

"ವಿಷ ಹಾಕೋಳು ಸಹಿ ಹಾಕ್ತಾಳೇನೇ?"

"ಹಾಗಾದ್ರೆ ಅವಳು ನರ್ಸೇ ಅಲ್ಲ," ಎಂದ ಸೊಸೆ, "ಅಜ್ಜಿ, ಸ್ವಲ್ಪ ಕಾಲು," ಎಂದು ಮಲಗಲು ಹೋದಳು.

ನರ್ಸೂ ಪಾರು. ಬಿಡಿಸುವುದು ಸುಲಭವಿತ್ತು. ತನ್ನ ಮನೆಯ ಅಜ್ಜಿಯನ್ನೇ ಮಾದರಿಯಾಗಿಟ್ಟುಕೊಂಡು, ಜಾಗ ತುಂಬಲಿ ಅಂತ, ಮಾಲೀಕನ ಮುದಿ ತಾಯಿಯನ್ನು ಮೊದಲ ಕಂತಿನಿಂದಲೇ ಕತೆಯ ಮೆಟ್ಟಿಲ ಬುಡದಲ್ಲಿ ಕೂರಿಸಿದ್ದಳು. ಯಾರ ಮೇಲೆ ಅನುಮಾನ ಬಂದರೂ ಆ ಮುದುಕಿ ತಲೆಯೆತ್ತಿ, "ಪಾಪ, ಅವರು ಇಲ್ಲೇ ಇದ್ರು, ನಾನು ನೋಡಿದ್ದೀನಿ," ಎಂದುಬಿಡುತ್ತಿದ್ದಳು.

ಹೀಗೆ ಎಲ್ಲರೂ ನಿರಪರಾಧಿಗಳು. ಹೆಣ ಮಾತ್ರ ಹೆಣವೇ.

ಇವತ್ತು ಮಧ್ಯಾಹ್ನ ಸಂಪಾದಕರ ಫೋನು: "ಐದರೊಳಗೆ ಕೊಲೆಗಾರ ಬರ್ಲಿಲ್ಲ ಅಂದ್ರೆ, ಲೇಖಕಿಗೆ ಅನಾರೋಗ್ಯ, ಕತೆ ನಿಂತಿದೆ ಅಂತ ಹಾಕ್ತೀನಿ."

ಅನಾರೋಗ್ಯ! ಲಾಠಿಗೆ ಹೆದರಿ ಒಂದು ಹೆಜ್ಜೆ ಹಿಂದಿಡದವಳು, ಹೊಲಿಗೆ ಸಾಲಿನ ಮುನ್ನೂರು ಹೆಂಗಸರ ಮುಂದೆ ಕಾಯಿಲೆ ಅಂತ ಮಲಗುವುದೇ? ನಾಲ್ಕಕ್ಕೆ ತುರ್ತು ಸಭೆ ಕರೆದಳು. ಸೊಸೆ ಎಲ್ಲರಿಗೂ ಟೀ ಮಾಡಿ, ಲೋಟಗಳನ್ನು ಅಜ್ಜಿಯ ಪಕ್ಕದ ಕಟ್ಟೆಯ ಮೇಲಿಟ್ಟಳು. ಒಬ್ಬೊಬ್ಬರೂ ಒಂದೊಂದು ಎತ್ತಿಕೊಂಡರು.

"ಆತ್ಮಹತ್ಯೆ ಅನ್ನು," ಎಂದ ಗಂಡ.

"ಮಾಲೀಕರು ಹಾಗೆಲ್ಲ ಸಾಯಲ್ಲ ಅಣ್ಣ," ಎಂದಳು ಪಕ್ಕದ ಮನೆಯವಳು.

"ನಾಯಿ?" ಎಂದಳು ಸೊಸೆ.

"ನಾಯಿಗೂ ಮುದುಕಿ ಸಾಕ್ಷಿ ಹೇಳಿಬಿಟ್ಟಿದ್ದಾಳೆ ಕಣೇ!" ಘೋಷಣಕ್ಕ ತಲೆಗೂದಲು ಹಿಡಿದುಕೊಂಡಳು.

"ಮುದುಕಿಗೆ ಯಾರೇ ಸಾಕ್ಷಿ?"

ಎಲ್ಲರೂ ತಿರುಗಿದರು. ಅಜ್ಜಿ ಬೀನ್ಸಿನಿಂದ ಕಣ್ಣೆತ್ತಿರಲಿಲ್ಲ.

"ಬಿಸಿ ಆರಲಿ ಅಂತ ಟೀನ ಮೆಟ್ಟಿಲ ಹತ್ರ ಇಟ್ರು ಅಂತ ಎರಡನೇ ವಾರ ನೀನೇ ಓದಿದೆ. ಮೆಟ್ಟಿಲ ಹತ್ರ ಯಾರಿದ್ರು?"

"ಆದ್ರೆ... ಅತ್ತೆ, ಹೆತ್ತ ಮಗನ್ನ ಯಾಕೆ..."

"ಹನ್ನೆರಡು ವರ್ಷದಿಂದ ಅಲ್ಲೇ ಕೂತಿದ್ದಾಳೆ. ಕಾಲು ತೆಗಿ ಅನ್ನೋದು ಬಿಟ್ಟು ಆ ಮಗ ಒಂದು ಮಾತಾಡಿದ್ನಾ? ನಿನ್ನ ಹನ್ನೊಂದು ಕಂತಲ್ಲಿ ಎಲ್ಲರ್ನೂ ಎಲ್ಲಿದ್ರಿ ಅಂತ ಕೇಳಿದ್ರು. ಅವಳನ್ನ ಒಬ್ಬರೂ ಕೇಳ್ಲಿಲ್ಲ. ಕೊಲೆ ಮಾಡೋಕೆ ಅಷ್ಟು ಅನುಕೂಲ ಯಾರಿಗಿದೆ?"

"ವಿಷ ಎಲ್ಲಿಂದ ಬಂತಜ್ಜಿ?" ಸೊಸೆಯ ಧ್ವನಿ ಸಣ್ಣಗಾಗಿತ್ತು.

"ಮಾತ್ರೆ ಇರುತ್ತಲ್ಲ. ನಾನು ದಿನಾ ನುಂಗ್ತೀನೋ, ಕೂಡಿಡ್ತೀನೋ, ಯಾರಾದ್ರೂ ಎಣಿಸಿದ್ದೀರಾ?"

ಟೀ ಲೋಟಗಳು ಒಂದೊಂದಾಗಿ ಮೇಜಿನ ಮೇಲೆ ಇಳಿದವು.

"ಕುಡೀರೋ, ಹೇಡಿಗಳಾ! ದಿನಾ ನುಂಗ್ತೀನಿ," ಅಜ್ಜಿ ನಕ್ಕಳು. "ಬರ್ಕೋ ಕಣೇ. ಒಂದು ಷರತ್ತು. ಸಿಕ್ಕಿಬಿದ್ದಾಗ ಅವಳು ಅಳಬಾರದು, ಕ್ಷಮೆ ಕೇಳಬಾರದು. ಕಾಲು ಚಾಚ್ಕೊಂಡೇ ಕೂತಿರ್ಬೇಕು. ಪೊಲೀಸಿನೋರು ಸುತ್ತಾಕ್ಕೊಂಡು ಹೋಗ್ಲಿ!"

ಐದಕ್ಕೆ ಐದು ನಿಮಿಷವಿರುವಾಗ ಕಂತು ಹೋಯಿತು. ಆರಕ್ಕೆ ಸಂಪಾದಕರು ಫೋನಿನಲ್ಲೇ ಕುಣಿದರು: "ಅಬ್ಬಬ್ಬಾ! ಮೊದಲ ವಾರದಿಂದ ಕಣ್ಣೆದುರೇ ಕೂರಿಸಿದ್ದೀರಲ್ಲ! ಯಾರಪ್ಪನ ಕೈಲೂ ಆಗಲ್ಲ! ನಿಮಗೆ ಯಾವಾಗ ಹೊಳೀತು?"

ಘೋಷಣಕ್ಕ ಬಾಗಿಲ ಮೂಲೆಯ ಕಡೆ ನೋಡಿದಳು. ಇಪ್ಪತ್ತೆಂಟು ವರ್ಷ ಊರ ಹೆಂಗಸರಿಗೆಲ್ಲ ಕೂಗಿದ್ದವಳು, ಆ ಮೂಲೆಗಾಗಿ ಒಂದು ಸಲವೂ ಕೂಗಿರಲಿಲ್ಲ.

"ನಾಲ್ಕೂಕಾಲಿಗೆ," ಎಂದಳು.

ಓದಿ ನಕ್ಕಿರಲ್ಲ, ಈಗ ನೀವು ಹೇಳಿ. ನಿಮ್ಮ ಮನೆಯ ಮೂಲೆಯಲ್ಲಿ ಕೂತಿದ್ದಾಳಲ್ಲ, ಅವಳು ಹೋದ ಮಂಗಳವಾರ ಸಂಜೆ ನಾಲ್ಕಕ್ಕೆ ಏನು ಮಾಡುತ್ತಿದ್ದಳು? ಗೊತ್ತಿಲ್ಲ ತಾನೇ? ಏಳಿ ಮೇಲೆ. ಹೋಗಿ, ಪಕ್ಕದಲ್ಲಿ ಕೂತು ಕೇಳಿ. ಟೀ ಮಾತ್ರ ನೀವೇ ಮಾಡಿಕೊಂಡು ಹೋಗಿ!